ಚಾಕೊಲೇಟ್ ಸಿಸ್ಟ್ ಅಂತಾರಲ್ಲ, ಅದು ಯಾಕೆ ಬರುತ್ತೆ?

(ನಮ್ಮೂರಿನ ಮಹಿಳಾ ಸಮಾಜದವರು ಒಂದು ಭಾನುವಾರ ಮಧ್ಯಾಹ್ನ ಕರೆದು ಮಾತಾಡಿಸಿದ್ದರು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಕರೆಂಟ್ ಹೋಗಿ ಮೈಕ್ ನಿಂತ ಹತ್ತು ನಿಮಿಷ ಇದರಲ್ಲಿಲ್ಲ. ರೋಗಿಗಳ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಭಾಷಣ ಇಟ್ಟಿದ್ದೀರಿ, ಅದೂ ಹೋಳಿಗೆ ಊಟ. ನಿದ್ದೆ ಬಂದವರು ಧಾರಾಳವಾಗಿ ಮಲಗಬಹುದು, ನನಗೇನೂ ಬೇಜಾರಿಲ್ಲ.

ಒಂದು ಕ್ಯಾಲೆಂಡರಿನ ಕಥೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬಳು ಹುಡುಗಿ ಬಂದಿದ್ದಳು. ಹುಡುಗಿ ಅಂದರೆ ನನ್ನ ವಯಸ್ಸಿಗೆ ಹುಡುಗಿ, ಅವಳಿಗೆ ಎರಡು ವರ್ಷದ ಮಗು ಇತ್ತು. ಸಿಸೇರಿಯನ್ ಹೆರಿಗೆ. ಹೊಲಿಗೆಯ ಬಲತುದಿಯಲ್ಲಿ ಒಂದು ಗಂಟು, ಹೆಚ್ಚುಕಡಿಮೆ ಅಡಿಕೆ ಗಾತ್ರದ್ದು. ಮುಟ್ಟಿದರೆ ನೋವು. ಒಬ್ಬ ಡಾಕ್ಟರು ಒಳಗೆ ಹೊಲಿಗೆ ದಾರ ಉಳಿದಿದೆ ಅಂದಿದ್ದರು, ಇನ್ನೊಬ್ಬರು ಹರ್ನಿಯಾ ಇರಬೇಕು ಅಂದಿದ್ದರು. ಅವಳು ಮಾತ್ರ ತನ್ನ ಪಾಡಿಗೆ ಒಂದು ಕೆಲಸ ಮಾಡಿದ್ದಳು. ಅಡುಗೆಮನೆಯ ಕ್ಯಾಲೆಂಡರಿನ ನಾಲ್ಕು ಹಾಳೆ ಹರಿದು, ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದಿದ್ದಳು.

ಮೇಜಿನ ಮೇಲೆ ಹರಡಿದೆವು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಯಾರದೋ ಗೃಹಪ್ರವೇಶ. ಅದರ ನಡುವೆ ಕೆಲವು ತಾರೀಖಿಗೆ ಕೆಂಪು ಸುತ್ತು, ಕೆಲವಕ್ಕೆ ನೀಲಿ ಚುಕ್ಕೆ. ಕೆಂಪು ಸುತ್ತು ಮುಟ್ಟಿನ ದಿನ. ನೀಲಿ ಚುಕ್ಕೆ ಗಂಟು ನೋಯುವ ದಿನ. ನಾಲ್ಕು ತಿಂಗಳಲ್ಲೂ ಚುಕ್ಕೆ ಸುತ್ತಿನ ಹಿಂದಿನ ದಿನ ಶುರುವಾಗಿ, ಸುತ್ತಿನ ಜೊತೆಗೇ ಮುಗಿದಿತ್ತು. ‘ಇದು ದಾರ ಆಗಿದ್ರೆ ತಿಂಗಳಿಗೊಂದ್ಸಲ ಯಾಕೆ ನೋಯ್ಬೇಕು ಮೇಡಂ?’ ಅಂತ ಕೇಳಿದಳು.

ಗಂಟು ತೆಗೆದು ಪರೀಕ್ಷೆಗೆ ಕಳಿಸಿದೆವು. ಒಳಗಿದ್ದದ್ದು ಗರ್ಭಕೋಶದ ಒಳಪದರದಂಥದೇ ಅಂಗಾಂಶ. ಸಿಸೇರಿಯನ್ ಮಾಡುವಾಗ ಆ ಪದರದ ಒಂದಿಷ್ಟು ಕಣಗಳು ಹೊಟ್ಟೆಯ ಗೋಡೆಯಲ್ಲಿ ಉಳಿದು, ಅಲ್ಲೇ ಬೇರು ಬಿಟ್ಟಿದ್ದವು. ಪ್ರತಿ ತಿಂಗಳೂ ಆ ಗಂಟಿನೊಳಗೆ ಪುಟ್ಟದೊಂದು ಮುಟ್ಟು ನಡೆಯುತ್ತಿತ್ತು. ಹೊರಗೆ ಹೋಗಲು ದಾರಿ ಇಲ್ಲದ ಮುಟ್ಟು.

ಇದೇ ಎಂಡೊಮೆಟ್ರಿಯೋಸಿಸ್. ಹೊಲಿಗೆಯಲ್ಲಿ ಬರುವುದು ಅಪರೂಪ. ಸಾಮಾನ್ಯವಾಗಿ ಅಂಡಾಶಯದ ಮೇಲೆ, ಗರ್ಭಕೋಶದ ಹಿಂದಿನ ಗುಂಡಿಯಲ್ಲಿ, ಅದನ್ನು ಹಿಡಿದಿಡುವ ಪಟ್ಟಿಗಳ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ ಬರುತ್ತದೆ. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದು ಹೊರಗೆ ಬೆಳೆಯುವುದು, ಅಷ್ಟೇ. ‘ಅಂಥದ್ದು’ ಅನ್ನುತ್ತಿದ್ದೇನೆ, ‘ಅದೇ’ ಅನ್ನುತ್ತಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ ಇದಕ್ಕೆ ಒಂದು ಹೆಸರೇ ಇಲ್ಲ. ಸ್ಕ್ಯಾನಿಂಗ್ ಆದವರು ‘ಚಾಕೊಲೇಟ್ ಸಿಸ್ಟ್ ಅಂತೆ’ ಅನ್ನುತ್ತಾರೆ. ಆಗದವರು ‘ನಂಗೆ ಮೊದಲಿಂದ್ಲೂ ಮುಟ್ಟಿನ ಹೊಟ್ಟೆನೋವು ಜಾಸ್ತಿ’ ಅನ್ನುತ್ತಾರೆ. ಚಾಕೊಲೇಟ್ ಸಿಸ್ಟ್ ಇದರ ಒಂದು ರೂಪ ಮಾತ್ರ. ಸಿಸ್ಟ್ ಅಂದರೆ ಚೀಲದಂಥ ಗುಳ್ಳೆ. ಅಂಡಾಶಯದೊಳಗಿನ ಆ ಚೀಲದಲ್ಲಿ ಹಳೆಯ ರಕ್ತ ತುಂಬಿ, ಕಂದು ಬಣ್ಣಕ್ಕೆ ತಿರುಗಿ, ಮಂದವಾಗಿರುತ್ತದೆ. ಚುಚ್ಚಿದರೆ ಸುರಿಯುತ್ತದೆ. ಈ ಹೋಲಿಕೆಗೆ ಹೆಸರಾದವರು ಅಮೆರಿಕದ ಜಾನ್ ಸ್ಯಾಂಪ್ಸನ್. ಅವರೇನಾದರೂ ಮಲೆನಾಡಿನವರಾಗಿದ್ದರೆ ಜೋನಿಬೆಲ್ಲದ ಸಿಸ್ಟ್ ಅಂತಿದ್ದರೇನೋ. ನೋಡಿದರೆ ಅದು ಜೋನಿಬೆಲ್ಲವೇ, ಚಾಕೊಲೇಟ್ ಅಲ್ಲ. ಕ್ಷಮಿಸಿ, ಇನ್ನು ಮುಂದೆ ದೋಸೆ ಜೊತೆ ತಿನ್ನುವಾಗ ನನ್ನ ನೆನಪಾಗುತ್ತದೆ ನಿಮಗೆ.

ಎಷ್ಟು ಜನಕ್ಕಿದೆ ಇದು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10% ಮಂದಿಗೆ. ಜಗತ್ತಿನಲ್ಲಿ ಹತ್ತಿರಹತ್ತಿರ 19 ಕೋಟಿ. ಈ ಹಾಲಿನಲ್ಲಿ ಎಷ್ಟು ಜನ ಕೂತಿದ್ದೀರಿ, ನೀವೇ ಲೆಕ್ಕ ಹಾಕಿಕೊಳ್ಳಿ.

ಗೊತ್ತಾದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ. ‘ಯಾಕೆ ಬಂತು?’ ಅದರ ಹಿಂದೆಯೇ ಇನ್ನೊಂದು. ‘ನಾನೇನು ತಪ್ಪು ಮಾಡ್ದೆ?’ ಮುಟ್ಟಾದಾಗ ತಲೆಸ್ನಾನ ಮಾಡಿದ್ದಕ್ಕಾ, ತಣ್ಣೀರು ಕುಡಿದದ್ದಕ್ಕಾ, ಮದುವೆ ತಡ ಆಗಿದ್ದಕ್ಕಾ, ಮೊದಲ ಮಗು ಬೇಡ ಅಂತ ಮುಂದೂಡಿದ್ದಕ್ಕಾ. ಇವತ್ತು ಹೆಚ್ಚು ಹೊತ್ತು ಈ ‘ಯಾಕೆ’ಯ ಮೇಲೇ ಮಾತಾಡುತ್ತೇನೆ. ಔಷಧಿ ವಿಷಯ ನಿಮ್ಮ ಡಾಕ್ಟರು ಹೇಳುತ್ತಾರೆ. ‘ಯಾಕೆ’ ಅನ್ನುವುದಕ್ಕೆ ಓಪಿಡಿಯಲ್ಲಿ ಸಮಯ ಸಿಗಲ್ಲ. ನಾನೂ ಕೊಟ್ಟಿಲ್ಲ.

ಸ್ಯಾಂಪ್ಸನ್ ಇದ್ದದ್ದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. 1921ರಲ್ಲಿ ಈ ಸಿಸ್ಟುಗಳ ಬಗ್ಗೆ ಬರೆದರು. ಆಗ ಸಾಮಾನ್ಯವಾಗಿ ಮುಟ್ಟಿನ ಸಮಯದಲ್ಲಿ ಆಪರೇಶನ್ ಮಾಡುತ್ತಿರಲಿಲ್ಲ. ಇವರು ಅದೇ ಸಮಯ ನೋಡಿ ಮಾಡಿದರು. ಹೊಟ್ಟೆ ತೆರೆದರೆ ಟ್ಯೂಬಿನ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿದ್ದದ್ದು ಕಂಡಿತು. ಗರ್ಭಕೋಶದ ಎರಡೂ ಕಡೆ ಟ್ಯೂಬು ಇರುತ್ತಲ್ಲ, ಅದರ ಇನ್ನೊಂದು ತುದಿ ಹೊಟ್ಟೆಯೊಳಗೆ ತೆರೆದುಕೊಂಡಿರುತ್ತದೆ. ಮುಟ್ಟಿನ ರಕ್ತ ಕೆಳಗೆ ಹೋಗುವುದರ ಜೊತೆಗೆ ಸ್ವಲ್ಪ ಮೇಲಕ್ಕೂ ಹೋಗಿ, ಟ್ಯೂಬಿನಿಂದ ಹೊಟ್ಟೆಗೆ ಬೀಳುತ್ತದೆ. ಆ ರಕ್ತದಲ್ಲಿ ಒಳಪದರದ ಜೀವಂತ ಚೂರುಗಳಿರುತ್ತವೆ. ಅವು ಬಿದ್ದಲ್ಲಿ ಅಂಟಿ ಬೆಳೆಯುತ್ತವೆ. 1927ರಲ್ಲಿ ಸ್ಯಾಂಪ್ಸನ್ ಹೇಳಿದ ಸಿದ್ಧಾಂತ ಇದು. ನೂರು ವರ್ಷ ಆಗುತ್ತಾ ಬಂತು, ಇವತ್ತಿಗೂ ಪಠ್ಯಪುಸ್ತಕದ ಮೊದಲ ಸಾಲಿನಲ್ಲಿ ಇದೇ ಇದೆ.

ಇದಕ್ಕೆ ಪುರಾವೆ ಚೆನ್ನಾಗಿಯೇ ಇದೆ. ಹುಟ್ಟಿನಿಂದಲೇ ಯೋನಿಯ ದಾರಿ ಮುಚ್ಚಿಕೊಂಡಿರುವ ಹುಡುಗಿಯರಿರುತ್ತಾರೆ. ರಕ್ತ ಕೆಳಗೆ ಬರಲಾಗದೆ ಪೂರಾ ಹಿಂದಕ್ಕೆ ನುಗ್ಗುತ್ತದೆ. ಅವರಲ್ಲಿ ಈ ಕಾಯಿಲೆ ಜಾಸ್ತಿ. 1950ರ ಹೊತ್ತಿಗೆ ಅಮೆರಿಕದಲ್ಲಿ ಕೋತಿಗಳ ಗರ್ಭಕೋಶವನ್ನು ತಿರುಗಿಸಿ, ಮುಟ್ಟು ಹೊಟ್ಟೆಯೊಳಗೇ ಆಗುವ ಹಾಗೆ ಮಾಡಿದರು. ಪಾಪದ ಕೋತಿಗಳು. ಕೆಲವಕ್ಕೆ ಎಂಡೊಮೆಟ್ರಿಯೋಸಿಸ್ ಬಂತು. ಮತ್ತೆ ನಮ್ಮ ಕ್ಯಾಲೆಂಡರ್ ಹುಡುಗಿಯ ಹೊಲಿಗೆ ಇದೆಯಲ್ಲ, ಪದರದ ಚೂರು ಬೇರೆ ಕಡೆ ಬಿದ್ದರೆ ಬೇರು ಬಿಡಬಲ್ಲದು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಹಾಗಾದರೆ ಮುಗಿಯಿತಲ್ಲ, ಕಾರಣ ಸಿಕ್ಕಿತು. ಇಲ್ಲ, ಇಲ್ಲೇ ತೊಡಕು. 1984ರಲ್ಲಿ ಒಂದು ಅಧ್ಯಯನ ಬಂತು. ಟ್ಯೂಬು ತೆರೆದಿರುವ ಹೆಂಗಸರಿಗೆ ಮುಟ್ಟಿನ ಸಮಯದಲ್ಲೇ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಹಾಕಿ ನೋಡುವುದು, ಅದನ್ನು ಮಾಡಿ ನೋಡಿದರು. 90% ಮಂದಿಯ ಹೊಟ್ಟೆಯೊಳಗೆ ರಕ್ತ ಇತ್ತು. ತೊಂಬತ್ತು! ಅಂದರೆ ಹಿಂದಕ್ಕೆ ಹರಿಯುವುದು ರೋಗವಲ್ಲ, ಹೆಣ್ಣಿನ ದೇಹದ ಮಾಮೂಲಿ ವ್ಯವಹಾರ. ನಿಮಗೂ ಆಗುತ್ತದೆ, ನನಗೂ ಆಗಿದೆ. ತೊಂಬತ್ತು ಜನಕ್ಕೆ ಹರಿದರೆ ಹತ್ತು ಜನಕ್ಕೆ ಮಾತ್ರ ಯಾಕೆ ಬೇರು ಬಿಡುತ್ತದೆ?

ಇಲ್ಲಿ ತೋಟ ಇರುವವರು ತುಂಬಾ ಜನ ಇದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ಎಲ್ಲ ತೋಟದಲ್ಲೂ ಅಡಿಕೆ ಉದುರುತ್ತದೆ. ಉದುರಡಿಕೆ ಆರಿಸುವವರು ಬರುತ್ತಾರೆ, ಆರಿಸಿಕೊಂಡು ಹೋಗುತ್ತಾರೆ. ಆರಿಸದೆ ಬಿಟ್ಟದ್ದು, ನೆಲ ಒದ್ದೆಯಾಗಿದ್ದರೆ, ಮೊಳಕೆ ಬರುತ್ತದೆ. ಎಲ್ಲ ಕಾಯಿಗೂ ಬರಲ್ಲ, ಗಟ್ಟಿ ಬೀಜಕ್ಕೆ ಬರುತ್ತದೆ. ಹಾಗಾಗಿ ಮೂರು ವಿಷಯ ನೋಡಬೇಕು. ಆರಿಸುವವರು ಏನು ಮಾಡುತ್ತಿದ್ದರು, ನೆಲ ಹೇಗಿತ್ತು, ಬೀಜ ಎಂಥದು.

ಆರಿಸುವವರು ಅಂದರೆ ನಮ್ಮ ರೋಗನಿರೋಧಕ ಕಣಗಳು. ಹೊಟ್ಟೆಯೊಳಗೆ ಬಿದ್ದ ಕಸ ನುಂಗುವ ಕಣಗಳಿವೆ, ಬೇಡದ ಜೀವಕೋಶ ಕೊಲ್ಲುವ ಕಣಗಳಿವೆ. ಈ ಕಾಯಿಲೆ ಇರುವವರಲ್ಲಿ ಕೊಲ್ಲುವ ಕಣಗಳ ಹರಿತ ಕಡಿಮೆಯಾಗಿರುತ್ತದೆ. ನುಂಗುವ ಕಣಗಳು ಸಂಖ್ಯೆಯಲ್ಲಿ ಬೇಕಾದಷ್ಟು ಇರುತ್ತವೆ, ಆದರೆ ತೆಗೆಯುವ ಬದಲು ಉರಿಯೂತ ಹೆಚ್ಚಿಸುತ್ತವೆ, ಹೊಸ ರಕ್ತನಾಳ ಬರಲು ಸಹಾಯವನ್ನೂ ಮಾಡುತ್ತವೆ. ಆರಿಸಲು ಬಂದವರೇ ಕೂತು ನೀರು ಹಾಕಿದ ಹಾಗೆ. ಇದು ಕಾಯಿಲೆಗೆ ಮುಂಚೆಯೇ ಇದ್ದ ದೋಷವೋ, ಕಾಯಿಲೆ ಬಂದ ಮೇಲೆ ಆದದ್ದೋ ಅನ್ನುವ ಜಗಳ ಇನ್ನೂ ತೀರಿಲ್ಲ.

ನೆಲದ ವಿಷಯ ಹಾರ್ಮೋನು. ಈ ಗಂಟುಗಳಿಗೆ ಈಸ್ಟ್ರೋಜೆನ್ ಬೇಕು. ಅಂಡಾಶಯ ಕೊಟ್ಟದ್ದು ಸಾಲದೆ, ಅರೋಮಟೇಸ್ ಅನ್ನುವ ಕಿಣ್ವ ಇಟ್ಟುಕೊಂಡು ಅವು ತಮ್ಮದೇ ಈಸ್ಟ್ರೋಜೆನ್ ತಯಾರಿಸಿಕೊಳ್ಳುತ್ತವೆ. ಗರ್ಭಕೋಶದ ಆರೋಗ್ಯವಂತ ಪದರ ಈ ಕೆಲಸ ಮಾಡುವುದಿಲ್ಲ. ಇನ್ನೊಂದು ಹಾರ್ಮೋನು ಪ್ರೊಜೆಸ್ಟರಾನ್. ಪದರದ ಬೆಳವಣಿಗೆಗೆ ‘ಸಾಕು ನಿಲ್ಲು’ ಅನ್ನುವುದು ಅದು. ಈ ಗಂಟುಗಳು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದೇ ಇಲ್ಲ. ಮೊದಲು ‘ಅಂಥದ್ದು’ ಅಂದೆನಲ್ಲ, ಅದಕ್ಕೇ. ನೋಡಲು ಒಳಪದರದ ಹಾಗೇ ಇದ್ದರೂ ಸ್ವಭಾವ ಬೇರೆ.

ಬೀಜದ ವಿಷಯ ಇನ್ನೂ ಸ್ವಾರಸ್ಯ. 2017ರಲ್ಲಿ ಒಂದು ಅಧ್ಯಯನದಲ್ಲಿ, ಆಳಕ್ಕಿಳಿದ ಗಂಟುಗಳಿದ್ದ 24 ಹೆಂಗಸರ ಅಂಗಾಂಶವನ್ನು ಜೀನ್ ಮಟ್ಟದಲ್ಲಿ ಓದಿದರು. 19 ಜನರ ಗಂಟಿನಲ್ಲಿ ಅಲ್ಲೇ ಹುಟ್ಟಿದ ಜೀನ್ ಬದಲಾವಣೆ ಸಿಕ್ಕಿತು. ಕೆಲವರಲ್ಲಿ ಸಿಕ್ಕಿದ್ದು ಕ್ಯಾನ್ಸರಿನಲ್ಲಿ ಕಾಣುವ ಕೆರಾಸ್ ಥರದ ಜೀನಿನಲ್ಲಿ. ಗಾಬರಿ ಬೇಡ, ಇದು ಕ್ಯಾನ್ಸರ್ ಅಲ್ಲ. ಕಳೆ ಯಾಕೆ ಕಳೆಯ ಥರ ಬೆಳೆಯುತ್ತದೆ ಅನ್ನುವುದಕ್ಕೆ ಒಂದು ಸುಳಿವು, ಅಷ್ಟೇ.

ಮನೆತನದ ಮಾತೂ ಇದೆ. ಅಕ್ಕನಿಗೋ ಅಮ್ಮನಿಗೋ ಇದ್ದರೆ ನಿಮಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಕೆಲವು ಪಟ್ಟು ಜಾಸ್ತಿ. ಆಸ್ಟ್ರೇಲಿಯಾದ ಅವಳಿ ಹೆಂಗಸರನ್ನು ನೋಡಿ 1999ರಲ್ಲಿ ಮಾಡಿದ ಲೆಕ್ಕದಲ್ಲಿ, ಈ ಕಾಯಿಲೆ ಬರುವುದರಲ್ಲಿ ಸುಮಾರು ಅರ್ಧ ಪಾಲು ಹುಟ್ಟಿನಿಂದ ಬಂದದ್ದು. 2023ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಕಾಯಿಲೆ ಇದ್ದ 60 ಸಾವಿರ ಹೆಂಗಸರು, ಹೋಲಿಕೆಗೆ 7 ಲಕ್ಷ ಜನ. ನಮ್ಮ ಜೀನ್‌ಗಳಲ್ಲಿ 42 ಕಡೆ ಇದರ ನಂಟು ಸಿಕ್ಕಿತು. ಒಂದಲ್ಲ, ನಲವತ್ತೆರಡು. ಒಂದೊಂದೂ ಚೂರುಚೂರು ತಳ್ಳುತ್ತದೆ. ಅದಕ್ಕೇ ‘ನನ್ನಿಂದಲೇ ಮಗಳಿಗೆ ಬಂತು’ ಅಂತ ಅಳುವ ಅಮ್ಮಂದಿರಿಗೆ ಹೇಳುತ್ತೇನೆ, ನಿಮ್ಮ ಮೂಗು ಕೊಟ್ಟ ಹಾಗೆ ಇದೂ. ಅರ್ಧ ಅಪ್ಪನ ಕಡೆಯಿಂದಲೂ ಬಂದಿರಬಹುದು, ಅವರಿಗೆ ಹೊಟ್ಟೆನೋವು ಬರಲಿಲ್ಲ ಅಷ್ಟೇ.

ಸ್ಯಾಂಪ್ಸನ್ ಸಿದ್ಧಾಂತ ವಿವರಿಸಲಾಗದ ಕೆಲವು ಪ್ರಸಂಗಗಳಿವೆ. ಹುಟ್ಟಿನಿಂದ ಗರ್ಭಕೋಶವೇ ಇಲ್ಲದ ಕೆಲವು ಹೆಂಗಸರಲ್ಲಿ ಈ ಕಾಯಿಲೆ ಸಿಕ್ಕಿದೆ. ಇನ್ನೂ ವಿಚಿತ್ರ, ಗಂಡಸರಲ್ಲಿ ಸಿಕ್ಕಿದೆ! ಬೆರಳೆಣಿಕೆಯಷ್ಟು ಜನ, ಅವರಲ್ಲಿ ಹಲವರು ಪ್ರಾಸ್ಟೇಟ್ ಕ್ಯಾನ್ಸರಿಗೆ ವರ್ಷಗಟ್ಟಲೆ ಈಸ್ಟ್ರೋಜೆನ್ ತೆಗೆದುಕೊಂಡವರು. ಅವರಿಗೆ ಯಾವ ಮುಟ್ಟು ಹಿಂದಕ್ಕೆ ಹರಿಯಿತು? ಬರ್ಲಿನ್ನಿನ ರಾಬರ್ಟ್ ಮೇಯರ್ ಅನ್ನುವವರು ಆಗಿನ ಕಾಲದಲ್ಲೇ ಬೇರೆ ಮಾತು ಹೇಳಿದ್ದರು. ಹೊಟ್ಟೆಯ ಒಳಗೋಡೆಗೆ ಒಂದು ತೆಳು ಪೊರೆ ಇದೆ. ಭ್ರೂಣ ಇದ್ದಾಗ ಆ ಪೊರೆಯೂ ಗರ್ಭಕೋಶವೂ ಒಂದೇ ಮೂಲದಿಂದ ಬಂದದ್ದು. ಆ ಪೊರೆಯ ಕಣಗಳೇ ಯಾವುದೋ ಪ್ರಚೋದನೆಗೆ ವೇಷ ಬದಲಿಸಿ ಒಳಪದರದಂತೆ ಆಗುತ್ತವೆ ಅಂತ. ಬೀಜ ಹೊರಗಿಂದ ಬಂದೇ ಇಲ್ಲ, ನೆಲದಲ್ಲೇ ಇತ್ತು. ಭ್ರೂಣ ಬೆಳೆಯುವಾಗಲೇ ದಾರಿ ತಪ್ಪಿ ಉಳಿದ ಕಣಗಳು ಮೈನೆರೆದ ಮೇಲೆ ಎಚ್ಚರಗೊಳ್ಳುತ್ತವೆ ಅನ್ನುವವರೂ ಇದ್ದಾರೆ.

ಶ್ವಾಸಕೋಶದ ಪೊರೆಯಲ್ಲಿ ಬಂದವರಿದ್ದಾರೆ. ಪ್ರತಿ ಮುಟ್ಟಿನ ಸಮಯದಲ್ಲಿ ಎದೆನೋವು, ಉಸಿರುಗಟ್ಟುವುದು, ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಕುಗ್ಗುವುದು. ಹೆಚ್ಚಾಗಿ ಬಲಗಡೆಯೇ. ಅಲ್ಲಿಗೆ ಕಣಗಳು ರಕ್ತದಲ್ಲೋ ದುಗ್ಧನಾಳದಲ್ಲೋ ಹೋಗಿರಬೇಕು, ಇಲ್ಲವೇ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಅಂದರೆ ವಪೆ, ಅದರ ರಂಧ್ರಗಳಿಂದ ಮೇಲೇರಿರಬೇಕು. ಇದು ತೀರಾ ಅಪರೂಪ. ಆದರೂ ಹೇಳಿದೆ, ಯಾಕೆಂದರೆ ‘ತಿಂಗಳು ತಿಂಗಳು ಎದೆನೋವು’ ಅಂದರೆ ಮನೆಯವರು ನಾಟಕ ಅನ್ನುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಇದು ಒಂದೇ ಕಾಯಿಲೆ ಅಲ್ಲ. ಪೊರೆಯ ಮೇಲಿನ ಚುಕ್ಕೆಗಳು, ಅಂಡಾಶಯದ ಸಿಸ್ಟು, ಕರುಳಿಗೆ ಇಳಿದ ಗಂಟು, ಇವು ಮೂರೂ ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ಹೆಸರು ಹೊತ್ತಿರಬಹುದು. ಈ ಮಾತನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ಕಾಫಿಗೆ ಕೂತಾಗ ಜಗಳ ಆಡುತ್ತೇವೆ.

ಇತ್ತೀಚಿನ ಒಂದು ಸುದ್ದಿ ಹೇಳಿಬಿಡುತ್ತೇನೆ. 2023ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು, ಕಾಯಿಲೆ ಇದ್ದವರಲ್ಲಿ 64% ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೋಬ್ಯಾಕ್ಟೀರಿಯಂ ಅನ್ನುವ ಸೂಕ್ಷ್ಮಾಣು ಕಂಡರು. ಕಾಯಿಲೆ ಇಲ್ಲದವರಲ್ಲಿ 10%ಗಿಂತ ಕಡಿಮೆ. ನಮ್ಮ ಬಾಯಲ್ಲಿ, ಒಸಡಿನಲ್ಲಿ ಸಿಗುವ ಜಾತಿಯದು ಇದು. ಇಲಿಗಳಿಗೆ ಆಂಟಿಬಯೋಟಿಕ್ ಕೊಟ್ಟಾಗ ಗಂಟುಗಳು ಕಡಿಮೆಯಾದವು. ಅಲ್ಲಿಗೆ ಮೆಡಿಕಲ್ ಶಾಪಿಗೆ ಓಡಬೇಡಿ! ಇಲಿಯಲ್ಲಿ ಆದದ್ದು ಇಲಿಗೆ. ಇಲಿಗಳ ಕಷ್ಟವೇ ಅದು, ಅವು ಮುಟ್ಟಾಗುವುದಿಲ್ಲ. ಮುಟ್ಟಾಗುವುದು ನಾವು, ಕೋತಿ ಬಳಗ, ಕೆಲವು ಬಾವಲಿಗಳು, ಇನ್ನು ಒಂದೆರಡು ಸಣ್ಣ ಪ್ರಾಣಿ. ನಿಮ್ಮ ಹಸು, ಬೆಕ್ಕು ಆಗುವುದಿಲ್ಲ. ನಾಯಿಗೆ ಕಾಣುವ ರಕ್ತ ಬೇರೆ ಕಾರಣದ್ದು. ಪ್ರಯೋಗಶಾಲೆಯ ಇಲಿಗೆ ಈ ಕಾಯಿಲೆ ತಾನಾಗಿ ಬರುವುದೇ ಇಲ್ಲ, ನಾವು ತಂದಿಡಬೇಕು.

ಈಗ ಅಜ್ಜಿಯರ ಕಾಲಕ್ಕೆ ಬರೋಣ. ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಅಂತ ಈ ಮುಂದಿನ ಸಾಲಿನಿಂದಲೇ ಯಾರೋ ಪಿಸುಗುಟ್ಟಿದರು. ಒಂದು ಲೆಕ್ಕ ಹಾಕಿ. ನನ್ನ ಅಜ್ಜಿ ಹದಿನೈದಕ್ಕೆ ಮೈನೆರೆದರು, ನಲವತ್ತೇಳಕ್ಕೆ ಮುಟ್ಟು ನಿಂತಿತು. ನಡುವೆ 32 ವರ್ಷ. ಎಂಟು ಮಕ್ಕಳು. ಒಂದೊಂದಕ್ಕೆ ಒಂಬತ್ತು ತಿಂಗಳು ಬಸಿರು, ಒಂದೂವರೆ ವರ್ಷ ಎದೆಹಾಲು ಕುಡಿಸುತ್ತಾ ಮುಟ್ಟಿಲ್ಲದ ಕಾಲ ಅಂತ ಇಟ್ಟುಕೊಳ್ಳಿ. ಎಂಟಕ್ಕೆ 18 ವರ್ಷ ಹೋಯಿತು. ಉಳಿದ 14 ವರ್ಷದಲ್ಲಿ ಸುಮಾರು 168 ಮುಟ್ಟು. ಈಗಿನ ಹುಡುಗಿ ಹದಿಮೂರಕ್ಕೆ ಶುರು ಮಾಡಿ ಐವತ್ತಕ್ಕೆ ಮುಗಿಸುತ್ತಾಳೆ, ಒಂದೋ ಎರಡೋ ಮಗು. 400 ದಾಟುತ್ತದೆ. ಹೆಚ್ಚು ಸಲ ಉದುರಿದರೆ ಹೆಚ್ಚು ಸಲ ಮೊಳಕೆಗೆ ಅವಕಾಶ. ಬೇಗ ಮೈನೆರೆದವರಲ್ಲಿ, 27 ದಿನಕ್ಕಿಂತ ಬೇಗ ಮುಟ್ಟಾಗುವವರಲ್ಲಿ, ರಕ್ತಸ್ರಾವ ಜಾಸ್ತಿ ಇರುವವರಲ್ಲಿ ಈ ಕಾಯಿಲೆ ಹೆಚ್ಚು ಕಾಣುವುದು ಇದಕ್ಕೆ ಹೊಂದುತ್ತದೆ.

ಇದನ್ನು ಹೇಳಲು ನನಗೆ ಯಾವಾಗಲೂ ಹಿಂಜರಿಕೆ. ಯಾಕೆಂದರೆ ಕೇಳಿದ ತಕ್ಷಣ ಯಾರೋ ಒಬ್ಬರು ‘ಅದಕ್ಕೇ ಬೇಗ ಮದುವೆ ಮಾಡಿ ಅನ್ನೋದು’ ಅಂತಾರೆ. ಈ ಚಟ ನಮ್ಮದೊಬ್ಬರದೇ ಅಲ್ಲ. 1940ರ ದಶಕದಲ್ಲಿ ಬಾಸ್ಟನ್ನಿನ ಜೋ ಮೇಗ್ಸ್ ಅನ್ನುವ ದೊಡ್ಡ ಡಾಕ್ಟರು, ಓದಿ ಉಳ್ಳವರಾದ ಹೆಂಗಸರು ಮಕ್ಕಳನ್ನು ತಡ ಮಾಡುವುದೇ ಕಾರಣ, ಬೇಗ ಮದುವೆಯಾಗಿ ಬೇಗ ಹೆರಲಿ ಅಂದರು. ಅಮೆರಿಕದಲ್ಲಿ ಇದಕ್ಕೆ ಕೆಲಸಕ್ಕೆ ಹೋಗುವ ಹೆಂಗಸರ ಕಾಯಿಲೆ ಅಂತಲೇ ಹೆಸರು ಬಿತ್ತು. ಬಡವರಿಗೆ, ಕಪ್ಪು ಹೆಂಗಸರಿಗೆ ಇದು ಬರಲ್ಲ ಅಂತ ನಂಬಿದ್ದರು. ಆಮೇಲೆ 1976ರಲ್ಲಿ ಶಿಕಾಗೋದ ಡಾ. ಡೊನಾಲ್ಡ್ ಚಾಟ್‌ಮನ್ ತಮ್ಮ ಕಪ್ಪು ರೋಗಿಗಳಿಗೆ ಲ್ಯಾಪರೋಸ್ಕೋಪಿ ಮಾಡಿ ನೋಡಿದರು. ಐದರಲ್ಲೊಬ್ಬರಿಗಿಂತ ಜಾಸ್ತಿ ಮಂದಿಗೆ ಎಂಡೊಮೆಟ್ರಿಯೋಸಿಸ್ ಇತ್ತು. ಅವರಲ್ಲಿ ಹಲವರಿಗೆ ಅಲ್ಲಿಯವರೆಗೆ ಗುಪ್ತಾಂಗದ ಸೋಂಕು ಅಂತ ಹಣೆಪಟ್ಟಿ ಕಟ್ಟಿದ್ದರು. ಉಳ್ಳವರ ಹೊಟ್ಟೆ ತೆರೆದು ನೋಡಿದರು, ಅಲ್ಲಿ ಸಿಕ್ಕಿತು. ಇಲ್ಲದವರ ಹೊಟ್ಟೆ ನೋಡಲಿಲ್ಲ, ಸಿಗಲಿಲ್ಲ. ನಮ್ಮ ಅಜ್ಜಿಯರದೂ ಇದೇ ಲೆಕ್ಕ ಇರಬಹುದು ಅಲ್ವಾ?

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಹತ್ತೊಂಬತ್ತರ ಹುಡುಗಿಯನ್ನು ಅಮ್ಮ ಕರೆತಂದಿದ್ದರು. ಮುಟ್ಟಿನ ಮೂರು ದಿನ ಕಾಲೇಜಿಲ್ಲ, ವಾಂತಿ, ಸಂಡಾಸಿಗೆ ಕೂತರೆ ಚಾಕು ಹಾಕಿದ ಹಾಗೆ ನೋವು. ಸ್ಕ್ಯಾನಿಂಗ್ ನಾರ್ಮಲ್. ಮಾತ್ರೆ ಬರೆದುಕೊಟ್ಟು ‘ಮದುವೆಯಾಗಿ ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ’ ಅಂದೆ. ನಗುತ್ತಾ ಅಂದೆ, ಅದು ಇನ್ನೂ ನೆನಪಿದೆ. ಆರು ವರ್ಷ ಬಿಟ್ಟು ಅವಳು ಮತ್ತೆ ಬಂದಳು. ಮದುವೆಯಾಗಿ ಮೂರು ವರ್ಷ, ಮಗು ಇಲ್ಲ. ಲ್ಯಾಪರೋಸ್ಕೋಪಿಯಲ್ಲಿ ನೋಡಿದರೆ ಅಂಡಾಶಯ, ಗರ್ಭಕೋಶ, ಕರುಳು ಮೂರೂ ಫೆವಿಕಾಲ್ ಹಾಕಿದ ಹಾಗೆ ಅಂಟಿಕೊಂಡಿದ್ದವು. ಸಂಡಾಸಿನ ನೋವು ಅಂದಾಗಲೇ ನನಗೆ ಹೊಳೆಯಬೇಕಿತ್ತು. ಅವಳು ಬೈಯಲಿಲ್ಲ. ‘ನೀವು ಹೇಳಿದ ಹಾಗೇ ಮದುವೆ ಆದೆ ಮೇಡಂ’ ಅಂದಳು.

ಸ್ಕ್ಯಾನಿಂಗ್ ನಾರ್ಮಲ್ ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಸಿಸ್ಟು ಕಾಣುತ್ತದೆ, ಅನುಭವ ಇರುವವರು ಮಾಡಿದರೆ ಆಳದ ಗಂಟೂ ಕಾಣುತ್ತದೆ. ಪೊರೆಯ ಮೇಲಿನ ಚುಕ್ಕೆಗಳು ಕಾಣುವುದಿಲ್ಲ. ನೋವಿಗೂ ಗಾತ್ರಕ್ಕೂ ಸಂಬಂಧ ಇಲ್ಲ. ಹೊಟ್ಟೆ ತುಂಬಾ ಅಂಟಿಕೊಂಡಿದ್ದರೂ ನೋವೇ ಇಲ್ಲದವರಿದ್ದಾರೆ, ನಾಲ್ಕು ಚುಕ್ಕೆಗೆ ನೆಲದ ಮೇಲೆ ಹೊರಳಾಡುವವರಿದ್ದಾರೆ. ಗಂಟಿನೊಳಗೆ ಹೊಸ ನರಗಳೇ ಬೆಳೆಯುತ್ತವೆ. ವರ್ಷಗಟ್ಟಲೆ ನೋವು ತಿಂದ ಮೇಲೆ ಬೆನ್ನುಹುರಿ, ಮೆದುಳು ಸಣ್ಣದನ್ನೂ ದೊಡ್ಡದಾಗಿ ಕೇಳಿಸಿಕೊಳ್ಳಲು ಶುರುಮಾಡುತ್ತವೆ. ಸಿಎ-125 ಅನ್ನುವ ರಕ್ತಪರೀಕ್ಷೆ ಇದನ್ನು ಪತ್ತೆಹಚ್ಚಲು ನಂಬುವಂಥದ್ದಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಮೊದಲೆಲ್ಲ ಲ್ಯಾಪರೋಸ್ಕೋಪಿ ಮಾಡದೆ ಹೆಸರು ಹೇಳುವಂತಿರಲಿಲ್ಲ. 2022ರ ಯುರೋಪಿನ ಮಾರ್ಗಸೂಚಿ ಅದನ್ನು ಬದಲಿಸಿತು. ಲಕ್ಷಣ ನೋಡಿ, ಸ್ಕ್ಯಾನ್ ನೋಡಿ ಚಿಕಿತ್ಸೆ ಶುರು ಮಾಡಬಹುದು.

ಚಿಕಿತ್ಸೆ ಬಗ್ಗೆ ಎರಡೇ ಮಾತು. ನೋವಿನ ಮಾತ್ರೆ, ಹಾರ್ಮೋನ್ ಮಾತ್ರೆ, ಅದರಲ್ಲೂ ಡೈನೋಜೆಸ್ಟ್, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ, ಬೇಕಾದವರಿಗೆ ಆಪರೇಶನ್. ಬುಡಸಮೇತ ಹೋಗುವ ಔಷಧಿ ಇನ್ನೂ ಇಲ್ಲ, ಹತೋಟಿಯಲ್ಲಿಡಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಮೆಫೆನಮಿಕ್ ಆಸಿಡ್ ಇದೆಯಲ್ಲ, ಅದರಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಅಂತ 2023ರ ಕೊನೆಯಲ್ಲಿ ಭಾರತೀಯ ಫಾರ್ಮಕೋಪಿಯಾ ಆಯೋಗ ಎಚ್ಚರಿಸಿದೆ. ಜ್ವರ, ಮೈಮೇಲೆ ಗುಳ್ಳೆ ಬಂದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಸುಮ್ನೆ ಹೆದರಿ ನೋವು ನುಂಗಬೇಡಿ.

ಪ್ರಶ್ನೆ ಕೇಳಿ ಅಂದಾಗ ಮೊದಲು ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಹಸಿರು ಸೀರೆಯವರು ಎದ್ದರು.

‘ಗರ್ಭಕೋಶ ತೆಗೆಸಿಬಿಟ್ರೆ ಕಾಟ ಮುಗೀತಲ್ಲ ಡಾಕ್ಟ್ರೇ?’

ಮುಗಿಯುತ್ತದೆ ಅಂತ ಹೇಳಲಾಗದು. ಕಾಯಿಲೆ ಇರುವುದೇ ಗರ್ಭಕೋಶದ ಹೊರಗೆ. ಹೊರಗಿನ ಗಂಟು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಕೆಲವರಿಗೆ ತೆಗೆಯುವುದು ಸರಿಯಾದ ದಾರಿಯೇ, ಆದರೆ ಅದು ಕೊನೆಯ ದಾರಿ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಎಳೆಯ ವಯಸ್ಸಿನ ಹೆಂಗಸರ ಗರ್ಭಕೋಶ ಬೇಕಾಬಿಟ್ಟಿ ತೆಗೆದ ಸುದ್ದಿ ನೀವೂ ಓದಿದ್ದೀರಿ. ಹೊಟ್ಟೆನೋವು ಅಂತ ಹೋದವರು ಅವರು.

‘ಮೊಸರು, ಬದನೆಕಾಯಿ ಬಿಡಬೇಕಾ?’ ಅಂತ ಇನ್ನೊಬ್ಬರು. ಬದನೆಕಾಯಿ ಪಾಪ ಏನು ಮಾಡಿತು. ಯಾವುದೋ ಒಂದು ತಿಂಡಿಯಿಂದ ಇದು ಬರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮುಟ್ಟಿನ ರಜೆಯ ಬಗ್ಗೆ ಕೇಳಿದರು. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ತಿಂಗಳಿಗೊಂದು ದಿನ ಸಂಬಳದ ರಜೆಗೆ ಒಪ್ಪಿಗೆ ಕೊಟ್ಟಿದೆ. ಒಳ್ಳೆಯದೇ. ಆದರೆ ಪ್ರತಿ ತಿಂಗಳೂ ಆ ರಜೆ ಬೇಕೇ ಬೇಕು, ಮಲಗಿಯೇ ಕಳೆಯಬೇಕು ಅನ್ನುವಂತಿದ್ದರೆ, ಅದರಲ್ಲಿ ಒಂದು ರಜೆಯನ್ನು ಡಾಕ್ಟರ ಹತ್ತಿರ ಹೋಗಲು ಬಳಸಿ.

ಕಾಲೇಜು ಹುಡುಗಿ ಒಬ್ಬಳು, ಅಮ್ಮನ ಪಕ್ಕದಲ್ಲೇ ಕೂತಿದ್ದವಳು, ಕೈ ಎತ್ತಿದಳು. ‘ಡಾಕ್ಟರ್ ಎರಡೇ ನಿಮಿಷ ಕೊಡ್ತಾರೆ. ಏನಂತ ಹೇಳ್ಬೇಕು?’

ಕ್ಯಾಲೆಂಡರ್ ತಗೊಂಡು ಹೋಗು ಅಂದೆ. ಮುಟ್ಟಿನ ದಿನಕ್ಕೆ ಸುತ್ತು. ನೋವಿನ ದಿನಕ್ಕೆ ಚುಕ್ಕೆ, ಜಾಸ್ತಿ ಇದ್ದರೆ ಎರಡು ಚುಕ್ಕೆ. ಎಷ್ಟು ಮಾತ್ರೆ ನುಂಗಿದೆ ಅಂತ ಅಂಕಿ. ಕಾಲೇಜು ತಪ್ಪಿದರೆ ಒಂದು ಗೀಟು. ಸಂಡಾಸಿಗೆ, ಮೂತ್ರಕ್ಕೆ ಹೋಗುವಾಗ ನೋವಿದ್ದರೆ ಅದಕ್ಕೊಂದು ಗುರುತು, ನಾಚಿಕೆ ಬಿಟ್ಟು. ಮದುವೆಯಾದವರು ಗಂಡನ ಜೊತೆ ಸೇರುವಾಗಿನ ನೋವನ್ನೂ ಬರೆಯಿರಿ. ಇದನ್ನು ಕೇಳದ ಡಾಕ್ಟರಿದ್ದಾರೆ, ನೀವಾಗಿಯೇ ಹೇಳಬೇಕು. ಮೂರು ತಿಂಗಳ ಹಾಳೆ ಸಾಕು. ಹಾಲಿನ ಲೆಕ್ಕ ಪಕ್ಕದಲ್ಲೇ ಇದ್ದರೂ ನಮಗೇನೂ ಅಡ್ಡಿಯಿಲ್ಲ.

ಎಲ್ಲ ಮುಗಿದು ಕಾಫಿ ಲೋಟ ಕೈಗೆ ಬಂದಾಗ ಒಬ್ಬ ಅಜ್ಜಿ ಹತ್ತಿರ ಬಂದರು. ಎಂಬತ್ತರ ಹತ್ತಿರ ಇರಬೇಕು. ‘ನಾವು ಆ ಮೂರು ದಿನ ಹೊರಗೆ ಕೂರ್ತಿದ್ವಲ್ಲ, ದನದ ಕೊಟ್ಟಿಗೆ ಪಕ್ಕ. ನಾನು ಕಂಬಳಿ ಬಾಯಿಗೆ ತುರುಕ್ಕೊಂಡು ಅಳ್ತಿದ್ದೆ ಮಗಳೇ. ಯಾರೂ ನೋಡೋರಿರ್ಲಿಲ್ಲ. ಅದೂ ಇದೇ ಏನು?’

ಇರಬಹುದು ಅಜ್ಜಿ, ಅಂದೆ.

‘ಏನಂದಿ ಹೆಸರು? ಇನ್ನೊಂದ್ಸಲ ಹೇಳು.’

ಬಿಡಿಸಿ ಹೇಳಿದೆ. ಅವರು ಅರ್ಧ ದಾರಿಯವರೆಗೆ ಬಂದು ನಿಲ್ಲಿಸಿ ನಕ್ಕುಬಿಟ್ಟರು. ‘ಇಷ್ಟುದ್ದ ಹೆಸರಾ? ನಾವು ಹೊಟ್ಟೆ ಕಿವುಚೋದು ಅಂತಿದ್ವಪ್ಪ.’